ಅಪ್ಪನ ಗಾಳ

ಬಟವಾಡಿ, ತುಮಕೂರು
೯ ಜುಲೈ ೨೦೨೫

ಗಂಗಾಧರನಿಗೆ,

ಇಲ್ಲಿ ನಾವು ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿಯೇ ಇರುತ್ತೀಯ, ನಿನಗೇನು. ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಮನೆಯವರ ವಾಟ್ಸಾಪ್ ಗ್ರೂಪಿನಿಂದಲೂ ಎದ್ದು ಹೋಗಿದ್ದೀಯ. ಹೋಗು. ಜೀವಮಾನವೆಲ್ಲ ಅಂಚೆ ಇಲಾಖೆಯಲ್ಲಿ ಕಾಗದಕ್ಕೆ ಮುದ್ರೆ ಒತ್ತಿ ರಿಟೈರ್ ಆದವನು ನಾನು. ನನ್ನ ಮಾತನ್ನು ನಿನ್ನ ಬಾಗಿಲಿಗೆ ಹೇಗೆ ಮುಟ್ಟಿಸಬೇಕು ಅಂತ ನನಗೆ ಗೊತ್ತಿದೆ.

ಭಾನುವಾರ ಕುಣಿಗಲ್ ದೊಡ್ಡಕೆರೆಯಲ್ಲಿ ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ಎಲ್ಲಾದರೂ ತಪ್ಪಿದ್ದರೆ ತೋರಿಸು.

ನನ್ನ ಹೊಸ ಫೈಬರ್ ಕೋಲಿಗೆ ಮೀನು ಕಚ್ಚಿತು. ಕಾಟ್ಲಾನೇ ಇರಬೇಕು, ಅಂಥಾ ಎಳೆತ. ರೀಲು ಗಿರ್ರೆಂದಿತು, ಕೋಲು ಬಿಲ್ಲಿನ ಹಾಗೆ ಬಗ್ಗಿತು, ಆಮೇಲೆ ಕಟಕ್ ಅಂತ ನಟ್ಟನಡುವೆ ಮುರಿಯಿತು. ಕೈಗೆ ಟವೆಲ್ ಸುತ್ತಿಕೊಂಡು ದಾರವನ್ನೇ ಎಳೆದೆ. ನೀನೂ ಬಂದು ಹಿಡಿದೆ, ಇಲ್ಲ ಅನ್ನುವುದಿಲ್ಲ. ಮೀನು ಬಿಡಿಸಿಕೊಂಡು ಹೋಯಿತು. ಕೋಲು ಹೋಯಿತು, ಮೀನು ಹೋಯಿತು, ಆದರೆ ಅಪ್ಪನ ಗಾಳ ದಾರದ ತುದಿಯಲ್ಲಿ ಹಾಗೇ ಬಂತು.

ಆ ಗಾಳದ ವಿಷಯ ನಿನಗೆ ಹೊಸದಾಗಿ ಹೇಳಬೇಕೇನು? ನಮ್ಮಪ್ಪ ಹೊನ್ನಯ್ಯ ಚೌಡಪ್ಪನ ಕುಲುಮೆಯಲ್ಲಿ ಎದುರಿಗೆ ಕೂತು ಬಡಿಸಿದ್ದು. ಕಿರುಬೆರಳಿನ ಅರ್ಧವೂ ಇಲ್ಲ. ಮೊನೆ ಕೊಂಚ ಓರೆ, ಎಲ್ಲಿ ಇಟ್ಟರೂ ಮೇಲಕ್ಕೆ ನೋಡುತ್ತಿರುತ್ತದೆ. ಹಿರಿಮಗನ ಹೊರತು ಬೇರೆಯವರು ಅದನ್ನು ನೀರಿಗೆ ಬಿಡಬಾರದು. ಅದನ್ನು ಬಿಡುವ ಜಾಗದಲ್ಲಿ ಚಪ್ಪಲಿ ಮೆಟ್ಟಬಾರದು, ಅದು ಗಂಗಮ್ಮನ ಹೊಸ್ತಿಲು. ಕೆಲಸ ಮುಗಿದ ಮೇಲೆ ಬಿಚ್ಚಿ, ಕೆರೆ ನೀರಲ್ಲೇ ತೊಳೆದು, ಬಿಸಿಲಿಗೆ ಒಣಗಿಸಿ, ಕೊಬ್ಬರಿ ಎಣ್ಣೆ ಸವರಿ ನಶ್ಯದ ಡಬ್ಬಿಗೆ ಹಾಕಬೇಕು. ಅಪ್ಪ ಹೇಳಿದ್ದನ್ನು ಒಂದು ದಿನವೂ ತಪ್ಪಿಸಿದವನಲ್ಲ ನಾನು.

ಅವತ್ತೂ ಹಾಗೇ ಮಾಡಿದೆ. ತೂಬಿನ ಪಕ್ಕದ ಮೆಟ್ಟಿಲ ಕಲ್ಲಿನ ಮೇಲೆ ಒಣಗಲು ಇಟ್ಟೆ. ಕೋಲು ಮುರಿದ ಸಂಕಟಕ್ಕೆ ಎದ್ದು ಏರಿ ಮೇಲೆ ಕಾಳಯ್ಯನ ಅಂಗಡಿಗೆ ಟೀ ಕುಡಿಯಲು ಹೋದೆ. ನೀನು ನಿನ್ನ ಕೋಲಿನ ಮುಂದೆ ಬೆನ್ನು ತಿರುಗಿಸಿಕೊಂಡು ಕೂತಿದ್ದೆ. ವಾಪಸ್ ಬಂದು ನೋಡಿದರೆ ಗಾಳವಿಲ್ಲ. ಅದಿದ್ದ ಜಾಗದಲ್ಲಿ ರಕ್ತ. ಮೇಲಿನ ಮೆಟ್ಟಿಲುಗಳ ಮೇಲೂ ಹಸಿ ರಕ್ತದ ಹನಿ!

ನಾನು ಹೋದ ಹೊತ್ತು ನೋಡಿ ನೀನು ಅಪ್ಪನ ಗಾಳವನ್ನು ನೀರಿಗೆ ಬಿಟ್ಟಿದ್ದೀಯ. ಮೀನು ಸಿಕ್ಕಿದೆ. ಇಲ್ಲದಿದ್ದರೆ ರಕ್ತ ಎಲ್ಲಿಂದ ಬಂತು? ನಿನ್ನ ಸ್ಕೂಟರ್ ಡಿಕ್ಕಿ ತೆಗೆಸಿದೆ, ಜೇಬು ತೆಗೆಸಿದೆ. ಸಿಗಲಿಲ್ಲ, ನಿಜ. ಮನೆಗೆ ಬಂದು ಯೋಚಿಸಿದ ಮೇಲೆ ಹೊಳೆಯಿತು. ಮೇಲಕ್ಕೆ ತರುವಾಗ ಮೀನು ಕೈಜಾರಿ ಗಾಳ ಕಚ್ಚಿಕೊಂಡೇ ನೀರಿಗೆ ಹಾರಿದೆ. ಅದನ್ನು ಹೇಳಲು ಬಾಯಿ ಬರದೆ ಗಾಳ ಮುಟ್ಟೇ ಇಲ್ಲ ಅಂದೆ.

ತಂಗಿಯ ಗಂಡ ಅಂತ ಇಷ್ಟು ವರ್ಷ ಪಕ್ಕದಲ್ಲಿ ಕೂರಿಸಿಕೊಂಡೆನಲ್ಲ, ಅದನ್ನು ನೆನೆದರೆ ಈಗಲೂ ನಂಬಲಾಗುತ್ತಿಲ್ಲ. ಕಳೆದದ್ದಕ್ಕಲ್ಲ, ಮುಖ ನೋಡಿ ಸುಳ್ಳು ಹೇಳಿದೆಯಲ್ಲ, ಅದಕ್ಕೆ. ಒಪ್ಪಿಕೊಂಡು ಎರಡು ಸಾಲು ಬರೆ. ಇಲ್ಲವಾದರೆ ಈ ಸಲ ಗೌರಿ ಹಬ್ಬಕ್ಕೆ ಬಾಗಿನ ಹಿಡಿದುಕೊಂಡು ನಿನ್ನ ಹೊಸ್ತಿಲು ತುಳಿಯುವುದಿಲ್ಲ.

ಲಕ್ಷ್ಮೀಕಾಂತ್


ಗುಬ್ಬಿ
೧೬ ಜುಲೈ ೨೦೨೫

ಭಾವನವರಿಗೆ ಗಂಗಾಧರ ಮಾಡುವ ನಮಸ್ಕಾರ.

ನಿಮ್ಮ ಕಾಗದ ಬಂತು. ಓದಿ ಮಡಿಸಿಟ್ಟೆ. ಮತ್ತೆ ತೆಗೆದು ಓದಿದೆ. ನನ್ನ ಹೆಸರೇ ಇದೆ, ನಿಮ್ಮ ಅಕ್ಷರವೇ ಇದೆ, ಆದರೂ ಇದು ಬೇರೆ ಯಾರಿಗೋ ಬರೆದದ್ದು ಅನ್ನಿಸಿತು.

ನಾನು ಗಾಳ ಮುಟ್ಟಿಲ್ಲ. ಒಪ್ಪಿಕೊಳ್ಳುವ ಎರಡು ಸಾಲು ಕೇಳಿದ್ದೀರಿ. ಮುಟ್ಟಿಲ್ಲ ಅನ್ನುವುದಕ್ಕೆ ಒಂದೇ ಸಾಲು ಸಾಕು.

ಆ ರಕ್ತ ಎಲ್ಲಿಂದ ಬಂತೋ ನನಗೆ ತಿಳಿಯದು. ನಾಯಿ ಏನಾದರೂ ಕಚ್ಚಿಕೊಂಡು ಹೋಯಿತೋ, ಹದ್ದು ಬೀಳಿಸಿತೋ. ನೀರಿನ ಮೇಲೆ ನನ್ನ ದಾರದ ಬೆಂಡು ಅಲ್ಲಾಡುತ್ತಿತ್ತು, ನನ್ನ ಕಣ್ಣು ಅದರ ಮೇಲಿತ್ತು. ನೀವು ಕಾರು ಹತ್ತಿ ಹೋದ ಮೇಲೆ ಆ ಕಲೆ ನೋಡಿಕೊಂಡು ಕೂರಲಾಗದೆ ಬೊಗಸೆಯಲ್ಲಿ ನೀರು ತಂದು ನಾನೇ ಕಲ್ಲು ತೊಳೆದೆ.

ಭಾವ, ನಿಮಗೆ ಹೇಗೆ ಹೇಳಲಿ. ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ದಿನವಿಡೀ ಬೇರೆಯವರ ದುಡ್ಡು ಹಿಡಿಯುವ ಕೈ ಇದು. ಚೆಕಿಂಗ್‌ನವರು ನಡುದಾರಿಯಲ್ಲಿ ಹತ್ತುತ್ತಾರೆ, ಬ್ಯಾಗು ಸುರಿಸುತ್ತಾರೆ, ಜೇಬು ತೆಗೆಸುತ್ತಾರೆ. ಅದು ಅವರ ಡ್ಯೂಟಿ. ಈವರೆಗೆ ನನಗೆ ಒಂದು ಮೆಮೊ ಬಂದಿಲ್ಲ. ಕಾಳಯ್ಯನ ಅಂಗಡಿ ಮುಂದೆ ಟೀ ಕುಡಿಯುತ್ತಿದ್ದವರೆಲ್ಲ ಎದ್ದುಬಂದು ನೋಡುವ ಹಾಗೆ ನೀವು ನನ್ನ ಜೇಬು ಹೊರಗೆಳೆಸಿದಿರಿ. "ಡಿಕ್ಕಿ ತೆಗಿಯೋ, ನಂಗೊತ್ತು ಎಲ್ಲಿಟ್ಟಿದೀಯ ಅಂತ" ಅಂದಿರಿ. ಡಿಕ್ಕಿಯಲ್ಲಿ ಇದ್ದದ್ದು ರೇನ್‌ಕೋಟು, ನಿಮ್ಮ ತಂಗಿಯ ಥೈರಾಯ್ಡ್ ಮಾತ್ರೆ. ನೀವು ಆ ಮಾತ್ರೆಯ ಡಬ್ಬಿಯನ್ನೂ ಬಿಚ್ಚಿ ನೋಡಿದಿರಿ.

ಆ ಅಂಗಡಿಗೆ ನಮ್ಮ ಡಿಪೋದವರು ಟೀಗೆ ಇಳಿಯುತ್ತಾರೆ. ಸುದ್ದಿ ನನಗಿಂತ ಮೊದಲೇ ಗುಬ್ಬಿಗೆ ಬಂದಿತ್ತು. ಮಾರನೆ ದಿನ ಡ್ರೈವರ್ ಅಂಜನಪ್ಪ ಎಲ್ಲರ ಮುಂದೆ, "ಏನ್ಲಾ ಗಂಗಾ, ಗಾಳ ಎಲ್ ಮಡಗಿದೀಯ, ಟಿಕೆಟ್ ಮಿಷಿನ್ ಒಳಗಾ?" ಅಂದ. ನಗಲಿ ಅಂತಲೇ ಅಂದದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ ಭಾವ, ಇನ್ನೇನು ಮಾಡಲಿ.

ಹಬ್ಬಕ್ಕೆ ಬರುವುದು ಬಿಡುವುದು ನಿಮ್ಮದು, ನಿಮ್ಮ ತಂಗಿಯದು. ಸಕ್ಕರೆ ಮಾತ್ರೆ ತಪ್ಪಿಸಬೇಡಿ. ಕೋಪದಲ್ಲಿ ನೀವು ಅದನ್ನೇ ಮೊದಲು ಬಿಡುವವರು.

ಇಂತಿ,
ಗಂಗಾಧರ


ಬಟವಾಡಿ, ತುಮಕೂರು
೨೮ ಜುಲೈ ೨೦೨೫

ಗಂಗಾಧರನಿಗೆ,

ಕಲ್ಲು ತೊಳೆದೆಯಾ? ನೀನೇ? ಸಾಕ್ಷಿ ತೊಳೆದದ್ದನ್ನು ನಿನ್ನ ಕೈಯಾರೆ ಬರೆದು ಕಳಿಸಿದ್ದೀಯಲ್ಲಯ್ಯ! ಆ ಸಾಲು ಓದಿ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದೆ. ಸ್ವರ್ಣಲತಾಗೂ ಓದಿ ಹೇಳಿದೆ. ಅವಳು, "ಕಳ್ಳ ಆಗಿದ್ರೆ ತೊಳ್ದೆ ಅಂತ ಯಾಕ್ರೀ ಬರೀತಿದ್ರು?" ಅಂದಳು. ಕಟ್ಟಿಕೊಂಡ ಹೆಂಡತಿಯೂ ನಿನ್ನ ಪಾರ್ಟಿ.

ನಾಯಿಯಂತೆ, ಹದ್ದಂತೆ. ಕಬ್ಬಿಣದ ಗಾಳ ತಿನ್ನುವ ನಾಯಿಯನ್ನು ಯಾವ ಕೆರೆ ಏರಿಯ ಮೇಲೆ ಕಂಡಿದ್ದೀಯ?

ಅಪ್ಪನ ಗಾಳ ಹೋದಾಗಿನಿಂದ ನನಗೆ ಏನೂ ನೆಟ್ಟಗಾಗುತ್ತಿಲ್ಲ. ಮೊನ್ನೆ ಛಲಕ್ಕೆ ಒಬ್ಬನೇ ಬೆಳ್ಳಾವಿ ಕೆರೆಗೆ ಹೋದೆ. ಅಂಗಡಿಯ ಗಾಳ, ಹಳೆಯ ಕೋಲು. ಮೊದಲ ಸಲ ಬೀಸಿದ್ದು ಹಿಂದಿನ ಜಾಲಿಮರಕ್ಕೆ ಸಿಕ್ಕಿಕೊಂಡಿತು. ಬೆಂಡು ಈಗಲೂ ಅಲ್ಲೇ ನೇತಾಡುತ್ತಿದೆ. ಎರಡನೆಯದು ಜೊಂಡಿನೊಳಗೆ ಹೋಗಿ ದಾರ ಕಿತ್ತಿತು. ಮೂರನೆಯದಕ್ಕೆ ಭಾರೀ ಮೀನು ಅಂತ ಉಸಿರುಗಟ್ಟಿ ಎಳೆದರೆ ಯಾರದೋ ಹರಕು ಪ್ಯಾಂಟು. ಕೊನೆಗೆ ಕೋಲನ್ನು ತೊಡೆಯ ಕೆಳಗೆ ಒತ್ತಿಕೊಂಡು ಗಾಳಕ್ಕೆ ರಾಗಿಹಿಟ್ಟಿನ ಉಂಡೆ ಕಟ್ಟುತ್ತಿದ್ದೆ, ಕೋಲು ರೀಲಿನ ಸಮೇತ ಜಾರಿ ನೀರಿಗೆ ಹೋಯಿತು. ಹಿಡಿಯೋಣ ಅಂತ ಎದ್ದರೆ ಕಾಲ ಕೆಳಗೆ ಕಲ್ಲು ಇದೆಯೋ ಇಲ್ಲವೋ ಅಂತಲೇ ತಿಳಿಯದೆ ಮೊಣಕಾಲುದ್ದದ ಕೆಸರಿನಲ್ಲಿ ಕುಕ್ಕರಿಸಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಇದನ್ನೆಲ್ಲ ನಿನ್ನ ಲೆಕ್ಕಕ್ಕೇ ಬರೆದಿಟ್ಟಿದ್ದೇನೆ.

ಪಾದದಲ್ಲಿ ಹೆಬ್ಬೆರಳಿನ ಬುಡಕ್ಕೆ ಆಣಿ ಬೇರೆ ಆಗಿದೆ. ನೋವಿಲ್ಲ, ಗಟ್ಟಿಗೆ ಉಬ್ಬಿದೆ ಅಂತ ಸ್ವರ್ಣ ಹೇಳುತ್ತಾಳೆ. ಈ ಹೊಟ್ಟೆ ಇಟ್ಟುಕೊಂಡು ನನ್ನ ಅಂಗಾಲು ನಾನು ನೋಡಿ ಯಾವ ಕಾಲವಾಯಿತೋ. ಮೆಡಿಕಲ್ ಸ್ಟೋರಿನಿಂದ ಆಣಿ ಪಟ್ಟಿ ತಂದು ಅಂಟಿಸಿದ್ದಾಳೆ. ಸಾಲದ್ದಕ್ಕೆ ಮನೆಯೆಲ್ಲ ಏನೋ ಕೊಳೆತ ವಾಸನೆ ಅಂತ ಅವಳ ಗಲಾಟೆ. ಮೀನಿಗೆ ಅಂತ ಕೋಳಿ ಕರುಳು ಹಾಕಿಟ್ಟಿದ್ದ ಡಬ್ಬಿಯನ್ನು ಬೀದಿಗೆ ಎಸೆದಳು. ಇನ್ನೂ ವಾಸನೆ ಹೋಗಿಲ್ಲ ಅನ್ನುತ್ತಾಳೆ. ನನಗಂತೂ ಬರುತ್ತಿಲ್ಲ.

ಬಾಗಿನದ ಮಾತು ಹಾಗೇ ಇದೆ. ಒಪ್ಪಿಕೊ.

ಲಕ್ಷ್ಮೀಕಾಂತ್


ಗುಬ್ಬಿ
೬ ಆಗಸ್ಟ್ ೨೦೨೫

ಅಣ್ಣನಿಗೆ ಸುಧಾ,

ನಿಮ್ಮಿಬ್ಬರ ಕಾಗದಗಳನ್ನೂ ಓದಿದೆ. ನೀನು ಇವರಿಗೆ ಬರೆದದ್ದನ್ನು ಇವರು ಟಿವಿ ಮೇಲೆ ಇಡುತ್ತಾರೆ, ನಾನು ಓದಲಿ ಅಂತಲೇ ಇಡುತ್ತಾರೆ.

ಮದುವೆಯಾದ ವರ್ಷದಿಂದ ಒಂದು ಗೌರಿ ಹಬ್ಬಕ್ಕೂ ನೀನು ತಪ್ಪಿಸಿದವನಲ್ಲ. ಕೊರೊನಾ ವರ್ಷ ಕೂಡ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದು, ಮೊರ ಬಾಗಿಲಲ್ಲೇ ಇಟ್ಟು, ಗೇಟಿನ ಆಚೆ ನಿಂತು ನಾನು ಅರಿಶಿನ ಹಚ್ಚಿಕೊಳ್ಳುವುದನ್ನು ನೋಡಿ ಹೋದೆ. ಅಪ್ಪ ಅಮ್ಮ ಇಲ್ಲದ ಮೇಲೆ ತವರು ಅಂತ ನನಗೆ ಇರುವುದು ಆ ಮೊರವೊಂದೇ. ಅದನ್ನು ಒಂದು ಗಾಳಕ್ಕೆ ಕಟ್ಟಿ ನೀರಿಗೆ ಬಿಡುತ್ತೀಯಾ?

ಅಪ್ಪನ ಗಾಳ, ಅಪ್ಪನ ಗಾಳ ಅಂತೀಯ. ಅವರು ನನಗೂ ಅಪ್ಪನೇ. ಚಿಕ್ಕವಳಿದ್ದಾಗ ಆ ಡಬ್ಬಿ ಮುಟ್ಟಿದ್ದಕ್ಕೆ ಅಪ್ಪ ಕೈಮೇಲೆ ಹೊಡೆದಿದ್ದರು. ಹೆಣ್ಣುಮಕ್ಕಳು ಮುಟ್ಟಬಾರದು ಅಂದರು. ಅವತ್ತು ನಾನು ಅತ್ತದ್ದು ನಿನಗೆ ನೆನಪಿದೆ, ನೀನೇ ಬೆಲ್ಲ ಕೊಟ್ಟೆ. ಈಗ ನೀನೂ ಅದೇ ಗಾಳಕ್ಕೆ ನನ್ನನ್ನು ಅಳಿಸುತ್ತಿದ್ದೀಯ.

ಇವರ ವಿಷಯ ಹೇಳುತ್ತೇನೆ. ರಜೆ ಬಂದರೆ ಮನೆಯಲ್ಲಿ ನಿಲ್ಲುವುದಿಲ್ಲ, ಕುಣಿಗಲ್‌ಗೆ ಹೋಗುತ್ತಾರೆ. ಕೋಲು ತೆಗೆದುಕೊಂಡು ಹೋಗುವುದಿಲ್ಲ. ಬರುವಾಗ ಪ್ಯಾಂಟು ತೊಡೆಯವರೆಗೆ ಕೆಸರು. ಏನ್ ಮಾಡ್ತೀರಿ ಅಂದರೆ "ಸುಮ್ನೆ ಇರು" ಅನ್ನುತ್ತಾರೆ. ಮನೆಯಲ್ಲಿ ಮೀನು ಮಾಡಿ ಎಷ್ಟು ದಿನವಾಯಿತೋ. ಮೊನ್ನೆ ಮಾಡಿದೆ, ತಟ್ಟೆ ಮುಂದೆ ಕೂತು ಎದ್ದು ಹೋದರು.

ನಾನು ಯಾರ ಕಡೆ ಅಂತ ಕೇಳಬೇಡ. ಇವರು ಕದ್ದಿಲ್ಲ ಅಂತ ನನಗೆ ಗೊತ್ತು. ನೀನು ಸುಳ್ಳು ಹೇಳುವವನಲ್ಲ ಅಂತಲೂ ಗೊತ್ತು. ಎರಡೂ ಗೊತ್ತಿರುವುದರಿಂದಲೇ ನನಗೆ ತಲೆ ಕೆಟ್ಟುಹೋಗಿದೆ.

ಹಬ್ಬದ ದಿನ ಬಾಗಿಲು ತೆಗೆದಿಟ್ಟಿರುತ್ತೇನೆ.

ನಿನ್ನ ತಂಗಿ,
ಸುಧಾ


ಗುಬ್ಬಿ
೧೬ ಆಗಸ್ಟ್ ೨೦೨೫

ಭಾವನವರಿಗೆ,

ಈ ಕಾಗದದ ಜೊತೆ ಒಂದು ಡಬ್ಬಿ ಪಾರ್ಸೆಲ್ ಮಾಡಿದ್ದೇನೆ. ತೆಗೆಯುವಾಗ ಜೋಪಾನ, ಒಳಗಿರುವುದೆಲ್ಲ ಗಾಳಗಳೇ.

ನೀವು ಹೇಳಿದ ಹಾಗೆ ಮೀನು ಗಾಳ ಕಚ್ಚಿಕೊಂಡು ನೀರಿಗೆ ಹಾರಿದ್ದರೆ ನನ್ನಿಂದ ಹುಡುಕಲಾಗದು. ಆದರೆ ಕಲ್ಲಿನ ಮೇಲಿಂದ ಉರುಳಿ ಬಿದ್ದಿದ್ದರೆ ಮೆಟ್ಟಿಲ ಬುಡದಲ್ಲೇ ಎಲ್ಲೋ ಇರಬೇಕು ಅಂದುಕೊಂಡೆ. ಗುಜರಿಯವನ ಹತ್ತಿರ ಹಳೆ ಕಂಪ್ಯೂಟರಿನ ಒಳಗಿನ ಮ್ಯಾಗ್ನೆಟ್ ಸಿಕ್ಕಿತು. ಬಟನ್ ಗಾತ್ರದ್ದು, ಆದರೆ ಎರಡು ತುಂಡಿನ ಮಧ್ಯೆ ಬೆರಳು ಸಿಕ್ಕರೆ ರಕ್ತ ಬರಿಸುತ್ತದೆ. ಒಂದು ತುಂಡನ್ನು ದಾರಕ್ಕೆ ಕಟ್ಟಿ ಪ್ರತಿ ರಜೆಯಲ್ಲೂ ತೂಬಿನ ಮೆಟ್ಟಿಲ ಕೆಳಗೆ ಕೆಸರಿನಲ್ಲಿ ಎಳೆದಾಡಿದೆ.

ನಿಮಗೆ ಹೇಳಿದರೆ ನಂಬುವುದಿಲ್ಲ. ಆ ಕೆರೆಯ ತಳದಲ್ಲಿ ಎಷ್ಟು ಗಾಳ ಭಾವ! ದಪ್ಪದ್ದು, ಸಣ್ಣದ್ದು, ಮೂರು ಮೊನೆಯದ್ದು, ತುಕ್ಕು ಹಿಡಿದು ಮುಟ್ಟಿದರೆ ಪುಡಿಯಾಗುವಂಥದ್ದು. ಒಂದು ಬೈಕಿನ ಕೀ, ರೀಲಿನ ಹಿಡಿಕೆ, ಯಾವ ಕಾಲದ್ದೋ ಎಲೆ ಅಡಿಕೆ ಕತ್ತರಿ. ಪ್ರತಿ ಸಲ ದಾರ ಮೇಲೆ ಬಂದಾಗ ಕೆಸರು ಒರೆಸಿ ನೋಡುತ್ತಿದ್ದೆ, ಓರೆ ಮೊನೆ ಇದೆಯಾ ಅಂತ. ಕಾಳಯ್ಯ ಅಂಗಡಿ ಬಿಟ್ಟು ಬಂದು ನಿಂತು ನೋಡಿದ. "ಬುಡು ಸ್ವಾಮಿ, ಅವ್ರು ಅಂದ್ರೆ ಅಂದ್ಕಳ್ಳಿ, ನೀನ್ಯಾಕೆ ನೀರ್ನಾಗೆ ನೆನೀತೀಯ" ಅಂದ. ಬಿಡಲಾಗಲಿಲ್ಲ.

ನಿಮ್ಮ ಅಪ್ಪನದು ನನ್ನ ಕಣ್ಣಿಗೆ ಸಿಗಲಿಲ್ಲ. ತುಕ್ಕಿನಲ್ಲಿ ಗುರುತು ಹತ್ತದೆ ಇರಬಹುದು. ಅದಕ್ಕೇ ಎಲ್ಲವನ್ನೂ ಕಳಿಸಿದ್ದೇನೆ. ಇದ್ದರೆ ಆರಿಸಿಕೊಳ್ಳಿ. ಮ್ಯಾಗ್ನೆಟ್ಟನ್ನೂ ಬಟ್ಟೆಯಲ್ಲಿ ಸುತ್ತಿ ಹಾಕಿದ್ದೇನೆ. ನಾನು ಸರಿಯಾಗಿ ಹುಡುಕಿಲ್ಲ ಅನ್ನಿಸಿದರೆ ನೀವೇ ಹೋಗಿ ಹುಡುಕಿ.

ಇನ್ನು ನನ್ನ ಹತ್ತಿರ ತೋರಿಸುವುದಕ್ಕೆ ಏನೂ ಇಲ್ಲ. ನನ್ನ ಕೋಲನ್ನು ಕಾಳಯ್ಯನಿಗೆ ಕೊಟ್ಟುಬಿಟ್ಟೆ. ಅವನು ಅದನ್ನು ಅಂಗಡಿಯ ಟಾರ್ಪಾಲಿಗೆ ಊರುಗೋಲು ಮಾಡಿಕೊಂಡಿದ್ದಾನೆ.

ಗಂಗಾಧರ


ಆಸ್ಪತ್ರೆ, ತುಮಕೂರು
೨೧ ಆಗಸ್ಟ್ ೨೦೨೫

ಗಂಗಾಧರ,

ಹಾಸಿಗೆ ಮೇಲೆ ಕೂತು ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಂಭಾಳಿಸಿಕೊಂಡು ಓದು. ಇದು ನಿನಗೆ ಮುಟ್ಟುವ ಮೊದಲು ಸ್ವರ್ಣ ಫೋನ್ ಮಾಡಿರುತ್ತಾಳೆ. ಬೇಡ ಅಂದಿದ್ದೇನೆ, ಕೇಳುವವಳಲ್ಲ. ಆದರೆ ನಿನ್ನನ್ನು ಬೈದದ್ದು ನಾನು ಕಾಗದದಲ್ಲಿ. ಇದನ್ನೂ ನಾನೇ, ಕಾಗದದಲ್ಲೇ ಹೇಳಬೇಕು.

ನಿನ್ನ ಪಾರ್ಸೆಲ್ ಮಂಗಳವಾರ ಬಂತು. ಹಾಲಿನಲ್ಲಿ ಪೇಪರ್ ಹಾಸಿ ಗಾಳಗಳನ್ನು ಸುರಿದೆ. ಅಷ್ಟೊಂದು ಇರುತ್ತವೆ ಅಂತ ನಾನು ಎಣಿಸಿರಲಿಲ್ಲ. ಒಂದೊಂದನ್ನೇ ಎತ್ತಿ ನೋಡಿದೆ. ಯಾವುದೂ ಅಪ್ಪನದಲ್ಲ. ಅಷ್ಟು ಹೊತ್ತಿಗೆ ಬಟ್ಟೆಯೊಳಗಿನ ಮ್ಯಾಗ್ನೆಟ್ ಜಾರಿ ಎಲ್ಲೋ ಬಿತ್ತು. ಕುರ್ಚಿ ಕೆಳಗೆ, ಪೇಪರ್ ಕೆಳಗೆ ಎಲ್ಲ ಹುಡುಕಿದೆ. ಸಿಗಲಿಲ್ಲ. ಹಾಳಾಗಿ ಹೋಗಲಿ ಅಂತ ಎದ್ದು ನೀರು ಕುಡಿಯಲು ಅಡುಗೆಮನೆ ಕಡೆ ಹೊರಟೆ. ಟಕ್ ಟಕ್ ಅಂತ ಸದ್ದು. ಹೆಜ್ಜೆ ಇಟ್ಟಾಗಲೆಲ್ಲ ಸದ್ದು.

ಸ್ವರ್ಣ ತಿರುಗಿ ನೋಡಿ, "ರೀ, ಕಾಲಲ್ಲಿ ಅದೇನ್ರೀ ಅಂಟ್ಕೊಂಡಿರೋದು?" ಅಂದಳು. ಕೂರಿಸಿ ಕಾಲೆತ್ತಿ ನೋಡಿದರೆ ನಿನ್ನ ಮ್ಯಾಗ್ನೆಟ್. ಆಣಿ ಪಟ್ಟಿಯ ಮೇಲೆ ಕೂತಿತ್ತು. ಅಂಟು ಹತ್ತಿರಬೇಕು ಅಂತ ಅವಳು ಕಿತ್ತಳು. ಬಿಟ್ಟಳು. ಅದು ಮತ್ತೆ ಅಲ್ಲಿಗೇ ಹೋಗಿ ಕೂತಿತು. ನಾನೇ ಕಷ್ಟಪಟ್ಟು ಬಗ್ಗಿ ಕಿತ್ತೆ. ಬಿಟ್ಟೆ. ಮತ್ತೆ ಅಲ್ಲಿಗೇ.

ಸ್ವರ್ಣ ಪಟ್ಟಿ ಬಿಡಿಸಿದಳು. ಆ ವಾಸನೆ ಅಲ್ಲಿಂದ ಬರುತ್ತಿತ್ತು ಗಂಗಾಧರ. ಕೋಳಿ ಕರುಳಿನದಲ್ಲ. ನನ್ನದು.

ಎಕ್ಸ್‌ರೇ ತೆಗೆದರು. ಡಾಕ್ಟರು ಹುಡುಗಿ, ನಮ್ಮ ಮಗಳ ವಯಸ್ಸಿರಬಹುದು, ಕಂಪ್ಯೂಟರಿನಲ್ಲಿ ಚಿತ್ರ ನೋಡಿದಳು. "ಅಂಕಲ್, ನೀವು ಮೀನು ಹಿಡೀತೀರಾ?" ಅಂದಳು. ತಿರುಗಿಸಿ ತೋರಿಸಿದಳು. ಕಪ್ಪಿನೊಳಗೆ ನನ್ನ ಕಾಲಿನ ಮೂಳೆಗಳು, ಮೂಳೆಗಳ ಮಧ್ಯೆ ಬೆಳ್ಳಗೆ ಅಪ್ಪನ ಗಾಳ. ಮೊನೆ ಕೊಂಚ ಓರೆ.

ಕಲ್ಲಿನ ಮೇಲಿಂದ ಎದ್ದವನು ನಾನೇ ಅದನ್ನು ತುಳಿದಿದ್ದೇನೆ. ಗಂಗಮ್ಮನ ಹೊಸ್ತಿಲು ಅಂತ ಬರಿಗಾಲು. ಸಕ್ಕರೆಯಿಂದ ಪಾದ ಜೋಮು ಹಿಡಿದು ಸತ್ತಂತಾಗಿದೆ, ಇದು ತುಂಬಾ ದಿನದಿಂದ ಆಗಿರುವುದು ಅಂತ ಆ ಹುಡುಗಿ ಹೇಳಿದಳು. ನಡೆದಷ್ಟೂ ಒಳಕ್ಕೆ ಹೋಗಿದೆಯಂತೆ. ನಿನ್ನ ಡಿಕ್ಕಿ ತೆಗೆಸುವಾಗ, ನಿನ್ನ ಜೇಬು ತೆಗೆಸುವಾಗ, ಸುಧಾಳ ಮಾತ್ರೆ ಡಬ್ಬಿ ಅಲ್ಲಾಡಿಸುವಾಗ ನಾನು ಆ ಗಾಳದ ಮೇಲೇ ನಿಂತಿದ್ದೆ. ಆ ರಕ್ತ ನನ್ನದು. ಮೆಟ್ಟಿಲು ಹತ್ತಿಹೋದ ನನ್ನ ಕಾಲಿನದು.

ಇಡೀ ಗಾಳವೇ ಮಾಂಸದೊಳಗೆ ಹೋದರೂ ಗೊತ್ತಾಗಲಿಲ್ಲವಲ್ಲ, ಇದು ಎಂಥ ಕಾಲಯ್ಯ? ಇದು ನನ್ನದೇನಾ ಅಂತ ಹಾಸಿಗೆ ಮೇಲೆ ಅದನ್ನೇ ನೋಡುತ್ತ ಕೂತಿದ್ದೇನೆ. ಚಿವುಟಿ ನೋಡಿದೆ. ಉಗುರು ಕಂತುವ ಹಾಗೆ ಚಿವುಟಿದೆ. ಏನೂ ಇಲ್ಲ.

ಮೂಳೆಗೂ ಕೀವು ಇಳಿದಿದೆಯಂತೆ. ಆಪರೇಷನ್ ಮಾಡಲೇಬೇಕು. ಬೆರಳು ಹೋಗುತ್ತವೋ, ಅರ್ಧ ಪಾದ ಹೋಗುತ್ತದೋ ತೆರೆದು ನೋಡಿದ ಮೇಲೆ ಹೇಳುತ್ತಾರಂತೆ. ಅದಕ್ಕೆ ಮೊದಲು ಸಕ್ಕರೆ ಇಳಿಸಬೇಕು. ಇನ್ಸುಲಿನ್ ಚುಚ್ಚುತ್ತಿದ್ದಾರೆ. ಆ ಸೂಜಿ ಮಾತ್ರ ನೋಯುತ್ತದೆ.

ನಿನ್ನೆಯೆಲ್ಲ ಒಂದೇ ಯೋಚನೆ. ನೀನು ಕದ್ದಿದ್ದರೇ ಚೆನ್ನಾಗಿತ್ತು. ನಾನು ನಿನ್ನನ್ನು ಬೈದುಕೊಂಡು ಎರಡು ಕಾಲಲ್ಲಿ ಓಡಾಡಿಕೊಂಡಿರುತ್ತಿದ್ದೆ. ಇಂಥಾ ಯೋಚನೆ ಬಂತಲ್ಲ ಅಂತ ನನಗೇ ಹೇಸಿಗೆಯಾಯಿತು. ಬಂದದ್ದನ್ನು ಬರೆದಿದ್ದೇನೆ.

ತಪ್ಪಾಯಿತು ಅಂದರೆ ಏನಾಗುತ್ತದೆ? ಕಾಳಯ್ಯನ ಅಂಗಡಿ ಮುಂದೆ ನಿಂತು ಹೇಳಬೇಕು. ಎದ್ದು ನಡೆಯುವ ಹಾಗಾದರೆ ಹೇಳುತ್ತೇನೆ. ಅಲ್ಲಿಯವರೆಗೆ ಇದನ್ನು ಅಂಜನಪ್ಪನಿಗೆ ಓದಿ ಹೇಳು, ಡಿಪೋದಲ್ಲಿ ಗೋಡೆಗೆ ಅಂಟಿಸು.

ಈ ಸಲ ಬಾಗಿನ ತರಲು ನನಗೆ ಕಾಲಿಲ್ಲ ಅಂತ ಸುಧಾಗೆ ಹೇಳು.

ಲಕ್ಷ್ಮೀಕಾಂತ್


ತುಮಕೂರು
೨೬ ಆಗಸ್ಟ್ ೨೦೨೫, ಗೌರಿ ಹಬ್ಬ

ಭಾವ,

ನೀವು ಒಳಗಿದ್ದೀರಿ. ನಾನು ಆಪರೇಷನ್ ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹಬ್ಬ ಅಂತ ಕಾಯೋಕಾಗಲ್ಲ ಅಂದರು ಡಾಕ್ಟರು. ಮೂರು ದಿನದಿಂದ ಬಂದು ಹೋಗುತ್ತಿದ್ದರೂ ನಿಮ್ಮ ಹತ್ತಿರ ಕಾಫಿ, ಇನ್ಸುಲಿನ್, ಬಿಲ್ಲು ಬಿಟ್ಟು ಬೇರೆ ಮಾತಾಡಲು ನನಗಾಗಲಿಲ್ಲ. ನೀವೂ ಗೋಡೆ ನೋಡಿದಿರಿ. ಅದಕ್ಕೇ ಕಾಗದ. ನೀವು ಹಾಕಿಕೊಟ್ಟ ದಾರಿ.

ನಿಮ್ಮನ್ನು ಸ್ಟ್ರೆಚರಿನಲ್ಲಿ ಒಳಗೆ ಕರೆದುಕೊಂಡು ಹೋದ ಮೇಲೆ ಸ್ವರ್ಣಕ್ಕ ಚೀಲದಿಂದ ಮೊರ ತೆಗೆದರು. ಎಲ್ಲ ಜೋಡಿಸಿಕೊಂಡು ಬಂದಿದ್ದರು, ಬಳೆ, ಕುಂಕುಮ, ಅಕ್ಕಿ, ಬೆಲ್ಲ, ಕಾಯಿ. ನೀವೇ ಹಾಸಿಗೆಯಲ್ಲಿ ಮಲಗಿಕೊಂಡು ಒಂದೊಂದೂ ಹೇಳಿ ತರಿಸಿದಿರಂತೆ. ಸುಧಾ ಈ ಬೆಂಚಿನ ಮೇಲೇ ಬಾಗಿನ ತೆಗೆದುಕೊಂಡಳು. ಅಕ್ಕಪಕ್ಕದ ಪೇಷೆಂಟಿನ ಕಡೆಯವರೆಲ್ಲ ನೋಡುತ್ತಿದ್ದರು. ಅವಳು ಅತ್ತದ್ದು ಇಡೀ ವಾರ್ಡಿಗೆ ಕೇಳಿಸಿರಬೇಕು.

ನಿಮ್ಮ ಕಾಗದವನ್ನು ಅಂಜನಪ್ಪನಿಗೆ ಓದಿ ಹೇಳಲಿಲ್ಲ. ಗೋಡೆಗೂ ಅಂಟಿಸಿಲ್ಲ. ನಿಮ್ಮ ಕಾಲಿನ ಕಥೆ ಹೇಳಿ ನನ್ನ ಹೆಸರು ಉಳಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅದನ್ನು ನೀವೇ ಬಂದು ಹೇಳಬೇಕು. ಕಾಳಯ್ಯನ ಅಂಗಡಿ ಮುಂದೆ, ನಿಂತುಕೊಂಡು. ಅದು ಬೇಕು ನನಗೆ. ಬೇಡ ಅಂತ ದೊಡ್ಡತನ ತೋರಿಸುವುದಕ್ಕೆ ನನ್ನಿಂದ ಆಗದು, ನೋವು ಇನ್ನೂ ಇದೆ. ಅದಕ್ಕಾದರೂ ಎದ್ದು ನಡೆಯಬೇಕು ನೀವು.

ಒಂದು ವಿಷಯ ಮಾತ್ರ ಬಿಡದೆ ಕೊರೆಯುತ್ತಿದೆ. ಅವತ್ತು ಆ ಕಲ್ಲು ತೊಳೆದೆನಲ್ಲ. ನಿಮ್ಮನ್ನು ಬೈದುಕೊಂಡೇ ತೊಳೆದೆ, ಉಜ್ಜಿ ಉಜ್ಜಿ ತೊಳೆದೆ. ಅದು ಏನು ರಕ್ತ, ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಗಿದೆ ಅಂತ ನಾನೂ ನೋಡಲಿಲ್ಲ. ಸಿಟ್ಟಿನಲ್ಲಿದ್ದೆ. ಒಂದೊಂದೇ ಮೆಟ್ಟಿಲು ನೋಡಿಕೊಂಡು ಹತ್ತಿದ್ದರೆ ಸೀದಾ ನಿಮ್ಮ ಚಪ್ಪಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ.

ಇಷ್ಟು ಬರೆಯುವಷ್ಟರಲ್ಲಿ ನರ್ಸ್ ಬಾಗಿಲು ತೆಗೆದು, "ಲಕ್ಷ್ಮೀಕಾಂತ್ ಕಡೆಯವ್ರು ಯಾರ್ರೀ?" ಅಂದರು. ಸುಧಾ, ಸ್ವರ್ಣಕ್ಕ ಏಳುವ ಮೊದಲೇ ನಾನು ಎದ್ದು ನಿಂತಿದ್ದೆ.

ಎರಡು ಬೆರಳು ಹೋಗಿವೆ ಭಾವ. ಪಾದ ಉಳಿದಿದೆ. ಗಾಯ ಮಾಯಲು ತಿಂಗಳುಗಟ್ಟಲೆ ಬೇಕು, ಆದರೆ ನಡೆಯುತ್ತೀರಿ ಅಂದರು ಡಾಕ್ಟರು. ಇನ್ನು ಮೇಲೆ ಮನೆಯೊಳಗೂ ಬರಿಗಾಲಲ್ಲಿ ಓಡಾಡುವ ಹಾಗಿಲ್ಲವಂತೆ. ಕೆರೆಯಲ್ಲೂ ಚಪ್ಪಲಿ ಹಾಕಿಕೊಂಡೇ ಕೂರಬೇಕು. ಗಂಗಮ್ಮ ಕೇಳಿದರೆ ನಾನು ಮಾತಾಡುತ್ತೇನೆ. ಟಿಕೆಟ್ ಇಲ್ಲದವರನ್ನು ಹತ್ತಿಸಿಕೊಂಡು ಅಭ್ಯಾಸವಿಲ್ಲ, ಆದರೂ ನಿಮಗೋಸ್ಕರ ಒಂದು ಸಲ.

ಹೋಗುವಾಗ ಡಾಕ್ಟರು ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ನನ್ನ ಕೈಗೆ ಕೊಟ್ಟರು. "ಅಂಕಲ್ ಇದನ್ನ ಎಸೀಬೇಡಿ ಅಂತ ಅನಸ್ತೀಷಿಯಾ ಕೊಡೋವರೆಗೂ ಹೇಳ್ತಿದ್ರು" ಅಂದರು. ತೊಳೆದಿದ್ದಾರೆ. ಮೊನೆ ಇನ್ನೂ ಮೇಲಕ್ಕೇ ನೋಡುತ್ತಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಅದನ್ನು ಮುಟ್ಟಿದೆ. ಸುಧಾಳ ಕೈಗೂ ಕೊಟ್ಟೆ. ಅವಳು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡು, ನನಗೇ ವಾಪಸ್ ಕೊಟ್ಟಳು.

ನಿಮಗೆ ಎಚ್ಚರವಾದ ಕೂಡಲೇ ಗಾಳ ಎಲ್ಲಿ ಅಂತ ಕೇಳುತ್ತೀರಿ, ನನಗೆ ಗೊತ್ತು. ಹುಡುಕಾಡಬೇಡಿ. ಈ ಸಲ ನನ್ನ ಜೇಬಿನಲ್ಲೇ ಇದೆ.

ಇಂತಿ ನಿಮ್ಮ,
ಗಂಗಾಧರ